ಕಹಿ ಹೂವಿನ ಬಿಯರು

ಅಬಕಾರಿ ಜೀಪು ಮನೆ ಮುಂದೆ ನಿಂತಾಗ ಸೋಮಪ್ಪ ಎರಡನೆಯ ಲೋಟ ಬಿಯರನ್ನು ಬಾಯಿಗೆ ಎತ್ತಿದ್ದ. ಇಳಿಸಲಿಲ್ಲ. ಪೂರ್ತಿ ಕುಡಿದು, ಮೀಸೆ ಒರೆಸಿಕೊಂಡು, ಆಮೇಲೆ ಎದ್ದ.

"ಅರ್ಜಿ ಬಂದೈತ್ರಿ. ಈ ಮನ್ಯಾಗ ಬಿಯರ್ ಮಾಡ್ತಾರ ಅಂತ," ಎಂದಳು ಒಳಗೆ ಬಂದ ಅಧಿಕಾರಿ ಸುಮಲತಾ.

ಅರ್ಜಿ ಯಾರದೆಂದು ಸೋಮಪ್ಪ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಎದುರುಮನೆಯ ಚನ್ನಬಸವನದು. ಸೋಮಪ್ಪನ ಮಗಳು ಕ್ರಾಂತಿ ಕೂಡ್ಲಿಗಿಯ ಈ ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಬಂದವನು, ಗೋಡೆಯ ಮೇಲೆ ಬುದ್ಧನ ಪಟ ಕಂಡು ಹೊಸ್ತಿಲಿನಿಂದಲೇ ತಿರುಗಿ ಹೋಗಿದ್ದ. ಅಂದಿನಿಂದ ಎರಡೂ ಮನೆಗೆ ಮಾತಿಲ್ಲ.

ಸೋಮಪ್ಪನಿಗೆ ತನ್ನ ಚಿಂತೆ ಇರಲಿಲ್ಲ. ಕ್ರಾಂತಿ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅವಳ ಹೆಸರಿಗೆ ಕೇಸು ಬಿದ್ದರೆ ನೌಕರಿಗೇ ಕುತ್ತು. ಅವಳ ಕಡೆ ನೋಡಿದ. ಮಗಳು ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಹೆದರಿದಂತೆ ಕಾಣಲಿಲ್ಲ.

ಸೋಮಪ್ಪ ಇಪ್ಪತ್ತಾರು ವರ್ಷ ಖಾಸಗಿ ಬಸ್ಸು ಓಡಿಸಿದವನು. ಹೆಂಡತಿ ಸತ್ತ ಮೇಲೆ ಕುಡಿತ ಹೆಚ್ಚಿತು. ಒಂದು ಬೆಳಿಗ್ಗೆ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೈ ನಡುಗಿ ಗೇರು ಬೀಳಲಿಲ್ಲ. ಹಿಂದೆ ಕೂತಿದ್ದ ಜನರನ್ನು ಒಮ್ಮೆ ನೋಡಿದ. ಕೀಲಿಯನ್ನು ಕಂಡಕ್ಟರನ ಕೈಗಿಟ್ಟು ಇಳಿದುಬಿಟ್ಟ. ಆಮೇಲೆ ಸ್ಟೀರಿಂಗ್ ಮುಟ್ಟಲಿಲ್ಲ. ಮೆಕ್ಯಾನಿಕ್ ಅಮ್ಜದ್ ತನ್ನ ಶಾಲಾ ವ್ಯಾನು ಓಡಿಸಲು ಮೂರು ಸಲ ಕರೆದಿದ್ದ. ಮೂರು ಸಲವೂ ಸೋಮಪ್ಪನದು ಒಂದೇ ಉತ್ತರ. ಕುಡಿಯೋ ಕೈಗೆ ಮಕ್ಕಳನ್ನು ಒಪ್ಪಿಸಬಾರದು.

ಕುಡಿತ ಬಿಡಿಸುವ ಶಿಬಿರಕ್ಕೆ ಎರಡು ಬಾರಿ ಹೋಗಿ ಎರಡು ಬಾರಿಯೂ ಓಡಿಬಂದಿದ್ದ. ತನ್ನ ಕುಡಿತ ಬಿಡಿಸುವವರು ಇನ್ನೂ ಹುಟ್ಟಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ಕ್ರಾಂತಿ ವಾದಕ್ಕಿಳಿಯಲಿಲ್ಲ. ಕುಡಿಯಲೇಬೇಕೆಂದರೆ ತಾನು ಮಾಡಿಕೊಟ್ಟದ್ದನ್ನೇ ಕುಡಿಯಬೇಕು ಎಂದಳು. ಅಂಚೆಯಲ್ಲಿ ಹಾಪ್ಸ್ ಎಂಬ ಒಣ ಹೂವು ತರಿಸಿದಳು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಕುಟ್ಟಿ, ಬಿಸಿನೀರಲ್ಲಿ ನೆನೆಸಿ, ಸೋಸಿ, ಆ ಹೂವು ಹಾಕಿ ಕುದಿಸಿದಳು. ಆರಿದ ಮೇಲೆ ಯೀಸ್ಟ್ ಬೆರೆಸಿ ಇಪ್ಪತ್ತು ಲೀಟರಿನ ನೀರಿನ ಕ್ಯಾನಿನಲ್ಲಿ ಹುದುಗಲು ಬಿಟ್ಟಳು; ಹುದುಗಿದ್ದನ್ನು ತಾರೀಖು ಬರೆದ ಬಾಟಲಿಗಳಿಗೆ ತುಂಬಿದಳು. ಮೊದಲ ಗುಟುಕಿಗೇ ಸೋಮಪ್ಪ ಮನಸೋತ. ಕಹಿ ನಾಲಿಗೆ ಹಿಡಿದು ಬಿಡುತ್ತಿರಲಿಲ್ಲ. ನಿಂಬೆ ಸಿಪ್ಪೆಯ ವಾಸನೆ ಮೂಗಿಗೇರುತ್ತಿತ್ತು. ತಿಂಗಳಿಂದ ತಿಂಗಳಿಗೆ ಕಹಿ ಹೆಚ್ಚಾಯಿತು. ಬಾರಿನ ಕಡೆ ಹೋಗುವುದು ನಿಂತಿತು. ಸಂಜೆ ಎರಡು ಬಾಟಲಿ ಇಳಿದರೆ ಸೋಮಪ್ಪ ಓಣಿಗೆಲ್ಲ ಕೇಳುವಂತೆ ಹಾಡುತ್ತಿದ್ದ.

ಈಗ ಸುಮಲತಾ ಕ್ಯಾನಿಗೆ ಸೀಲು ಹಾಕಿ, ಬೇರೆ ಬೇರೆ ತಾರೀಖಿನ ಮೂರು ಬಾಟಲಿ ಆರಿಸಿಕೊಂಡಳು. ಮಾಡುವವರು ಯಾರೆಂದು ಕೇಳಿದಳು.

"ನಾನ," ಎಂದ ಸೋಮಪ್ಪ. "ನನ್ನ ಹೆಸರು ಬರ್ಕೊಳ್ರಿ. ಮಗಳಿಗೆ ಇದ್ರಾಗ ಏನೂ ಸಂಬಂಧಿಲ್ಲ."

ಒಂದು ಕ್ಯಾನಿಗೆ ಎಷ್ಟು ಬಾರ್ಲಿ ಹಾಕುತ್ತೀರಿ ಎಂದಳು ಆಕೆ. ಅಂದಾಜಿನ ಮೇಲೆ ಐದು ಕೆಜಿ ಎಂದ.

"ಅರ್ಧ ಕೆಜಿ," ಎಂದಳು ಕ್ರಾಂತಿ ಬಾಗಿಲಿನಿಂದಲೇ. "ಹಂಗ ಬರ್ಕೊಳ್ರಿ ಮೇಡಂ."

ಶಿಕ್ಷೆ ಕಡಿಮೆಯಾಗಲೆಂದು ಮಗಳು ತಡಮಾಡದೆ ಹೇಳಿದ ಸುಳ್ಳಿಗೆ ಸೋಮಪ್ಪ ಒಳಗೇ ಶಹಬಾಸ್ ಅಂದ. ಕಾಗದಕ್ಕೆ ಸಹಿ ಹಾಕಿದ. ಜೀಪು ಹೋದ ಮೇಲೆ ತಪ್ಪು ತನ್ನ ತಲೆಗೇ ಇರಲಿ, ಬಾಯಿ ಬಿಡಬೇಡ ಎಂದು ಅವಳಿಗೆ ಬುದ್ಧಿ ಹೇಳಿದ.

"ಅದ್ರಾಗ ಏನೈತಿ ಅಂತ ಸರ್ಕಾರನ ಹೇಳ್ಲಿ ಬಿಡಪ್ಪಾ," ಎಂದಳು ಅವಳು.

ಅಟ್ಟದ ಮೇಲಿದ್ದ ಹನ್ನೆರಡು ಬಾಟಲಿ ಅಧಿಕಾರಿಗಳ ಕಣ್ಣಿಗೆ ಬಿದ್ದಿರಲಿಲ್ಲ. ಮರುದಿನದಿಂದ ಸೋಮಪ್ಪ ಅವನ್ನು ಮನೆಯೊಳಗೆ ಕುಡಿಯಲಿಲ್ಲ. ಹಾಡುಹಗಲೇ ಕಟ್ಟೆಯ ಮೇಲೆ, ಚನ್ನಬಸವನ ಗೇಟಿಗೆ ಮುಖಮಾಡಿ ಕುಡಿದ. ಜೈಲಿಗೆ ಹೋಗುವವನು ಕದ್ದು ಕುಡಿಯುವುದೇಕೆ? ಐದನೆಯ ದಿನ ಚನ್ನಬಸವ ಗೇಟಿಗೆ ಬಂದ.

"ಇನ್ನೊಂದು ಅರ್ಜಿ ಬರಿ," ಎಂದ ಸೋಮಪ್ಪ. "ಪೆನ್ನು ಬೇಕಾದ್ರ ನಾನ ಕೊಡ್ತೀನಿ."

"ನಾನ್ಯಾಕ ಬರೀಲಿ?" ಎಂದು ಆತ ಒಳಗೆ ಹೋದ. ಎಂಥ ಕಳ್ಳ ಎಂದುಕೊಂಡ ಸೋಮಪ್ಪ.

ಮೂರು ವಾರಕ್ಕೆ ಕಚೇರಿಯಿಂದ ಕರೆ ಬಂತು. ಸೋಮಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಚೀಲದಲ್ಲಿ ಒಂದು ಜೊತೆ ಬಟ್ಟೆ ಇಟ್ಟುಕೊಂಡ. ಮಗಳು ಬೇಡವೆಂದರೂ ಕೇಳದೆ ಒಬ್ಬನೇ ಹೊರಟ.

ಸುಮಲತಾ ಪ್ರಯೋಗಾಲಯದ ವರದಿಯನ್ನು ಮೇಜಿನ ಮೇಲೆ ಅವನತ್ತ ತಿರುಗಿಸಿದಳು.

"ಅರ್ಧ ಪರ್ಸೆಂಟ್ ಸೈತ ಅಲ್ಕೋಹಾಲ್ ಇಲ್ರಿ ಯಜಮಾನ್ರ. ಕ್ಯಾನಿಗೆ ಅರ್ಧ ಕೆಜಿ ಬಾರ್ಲಿ ಹಾಕಿದ್ರ ಇನ್ನೆಷ್ಟು ಬರ್ತೈತಿ? ಕಹಿ ನೀರು ಇದು. ಕೇಸ್ ಇಲ್ಲ, ಮನಿಗೆ ಹೋಗ್ರಿ."

ಸೋಮಪ್ಪ ಕೂತಲ್ಲಿಂದ ಏಳಲಿಲ್ಲ. ತಪ್ಪು ಬರೆದಿದ್ದಾರೆ ಎಂದ. ತನಗೆ ದಿನಾ ನಿಶೆ ಏರುತ್ತದೆ, ಓಣಿಯೇ ಸಾಕ್ಷಿ ಎಂದು ಜಗಳಕ್ಕೆ ನಿಂತ. ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಎಂದು ಮೇಜು ಕುಟ್ಟಿದ. ಸುಮಲತಾ ಅವನ ಕೈಗಳತ್ತ ಬೆರಳು ಮಾಡಿದಳು.

"ನಿಮ್ಮ ಕೈ ನೋಡ್ಕೊಳ್ರಿ. ನಡುಗ್ತಾವೇನು? ನಾವು ತಂದ ಬಾಟಲ್ಯಾಗ ಹಳೇದು ನಾಕು ತಿಂಗಳದ್ದು. ಅದ್ರಾಗೂ ಇಷ್ಟ ಐತಿ."

ಸೋಮಪ್ಪ ಕೈಗಳನ್ನು ಮುಂದೆ ಚಾಚಿದ. ಅಂಗೈ ಮೇಲೆ ಮಾಡಿದ, ಕೆಳಗೆ ಮಾಡಿದ. ಬೆರಳುಗಳು ಕದಲಲಿಲ್ಲ. ಕೊನೆಗೆ, ಆ ಚನ್ನಬಸವ ಏನು ಬರೆದಿದ್ದಾನೋ ತೋರಿಸಿ ಎಂದ.

ಅರ್ಜಿದಾರರ ಒಪ್ಪಿಗೆ ಇದೆ ಎನ್ನುತ್ತ ಸುಮಲತಾ ಫೈಲಿನಿಂದ ಒಂದು ಹಾಳೆ ತೆಗೆದುಕೊಟ್ಟಳು. ಕಪ್ಪುಹಲಗೆಯ ಮೇಲೆ ಬರೆದಂಥ ದುಂಡನೆಯ ಅಕ್ಷರ:

"ನನ್ನ ತಂದೆ ಕುಡಿತ ಬಿಟ್ಟು ನಾಲ್ಕು ತಿಂಗಳಾಯಿತು; ನಾನು ಹೇಳಿದರೆ ನಂಬುವುದಿಲ್ಲ, ದಯವಿಟ್ಟು ತಾವು ಬಂದು ನಾನು ಮನೆಯಲ್ಲಿ ಮಾಡಿಕೊಡುವ ಬಿಯರನ್ನು ಪರೀಕ್ಷಿಸಿ, ಮೊಹರು ಹಾಕಿ ತಿಳಿಸಬೇಕು — ಎಸ್. ಕ್ರಾಂತಿ, ವಿಜ್ಞಾನ ಶಿಕ್ಷಕಿ."