ಹತ್ತಕ್ಕೆ ಸೊನ್ನೆ

ಹತ್ತಕ್ಕೆ ಸೊನ್ನೆ ತೆಗೆದು ಮೊದಲ ಬಹುಮಾನ ಗೆದ್ದವಳು ಇಡೀ ದಂಡಿಗನಹಳ್ಳಿಯಲ್ಲಿ ಮಾನಸಾ ಒಬ್ಬಳೇ. ಸ್ತ್ರೀಶಕ್ತಿ ಸಂಘದ ಸಭೆಗೆ ಹಾಸನದಿಂದ ಬಂದಿದ್ದ ಆಪ್ತಸಮಾಲೋಚಕಿ ಶೋಭಿತಾ ಎಲ್ಲರಿಗೂ ಒಂದೊಂದು ಹಾಳೆ ಹಂಚಿದ್ದಳು. ಗಂಡನ ಬಗ್ಗೆ ಹತ್ತು ಪ್ರಶ್ನೆ. ಹೌದು ಎಂದಾದರೆ ಟಿಕ್ ಹಾಕಬೇಕು. ಟಿಕ್ ಹೆಚ್ಚಾದಷ್ಟೂ ಸಂಬಂಧ ಕೆಟ್ಟಿದೆ ಎಂದರ್ಥ.

ಎಸ್ಸೆಸ್ಸೆಲ್ಸಿ ಗಣಿತಕ್ಕೆ ಮೂರು ಸಲ ಕೂತಿದ್ದ ಮಾನಸಾಳಿಗೆ ಇಷ್ಟು ಸಲೀಸಾದ ಪರೀಕ್ಷೆ ಜನ್ಮದಲ್ಲೇ ಸಿಕ್ಕಿರಲಿಲ್ಲ. ನಿಮ್ಮ ಫೋನ್ ತೆಗೆದು ನೋಡುತ್ತಾರೆಯೇ? ಇಲ್ಲ. ನೋಡಲು ಅವಳ ಹತ್ತಿರ ಫೋನೇ ಇರಲಿಲ್ಲ. ಎದುರು ಮಾತಾಡಿದರೆ ಕೂಗಾಡುತ್ತಾರೆಯೇ? ಇಲ್ಲ. ಎದುರು ಮಾತಾಡಿದ್ದರೆ ತಾನೆ. ತವರಿಗೆ ಹೋಗಲು ಅಡ್ಡಿ ಮಾಡುತ್ತಾರೆಯೇ? ಛೇ, ಅದೂ ಇಲ್ಲ. ಅರಕಲಗೂಡಿಗೆ ಹೋಗಿ ಬರಲೇ ಎಂದು ಅವಳು ಕೇಳಿಯೇ ನಾಲ್ಕು ವರ್ಷವಾಗಿತ್ತು. ಕೊನೆಯ ಸಲ ಕೇಳಿದಾಗ ಊಟದ ತಟ್ಟೆ ಗೋಡೆಗೆ ಬಡಿದಿತ್ತು. ಆದರೆ ಪ್ರಶ್ನೆಯಲ್ಲಿ ತಟ್ಟೆಯ ಸುದ್ದಿ ಇರಲಿಲ್ಲವಲ್ಲ.

ಪಕ್ಕದವಳ ಹಾಳೆಗೆ ಕಣ್ಣು ಹಾಯಿಸಿದಳು. ಏಳು ಟಿಕ್. ಅಯ್ಯೋ ಪಾಪ, ಎಂಥವನ ಕೈಗೆ ಸಿಕ್ಕಿಬಿದ್ದಿದ್ದಾಳೆ ಎಂದು ಮರುಗಿದಳು. ಮರುಗುವಾಗ ಒಂಚೂರು ಖುಷಿಯೂ ಆಯಿತು, ಸುಳ್ಳೇಕೆ ಹೇಳಬೇಕು.

ಸಂಘದ ಅಧ್ಯಕ್ಷೆ ಪಾರ್ವತಮ್ಮನಿಗೆ ಸಭೆ ಎಂದರೆ ಬಹುಮಾನ ಇರಲೇಬೇಕು. ಶೋಭಿತಾ ಬೇಡ ಬೇಡ ಎನ್ನುತ್ತಿದ್ದಂತೆಯೇ ಸ್ಟೀಲ್ ಡಬ್ಬಿ ಎತ್ತಿಕೊಂಡು ಮೈಕು ಹಿಡಿದಳು.

"ಒಂದೂ ಟಿಕ್ ಇಲ್ದೋರು ಕೈ ಎತ್ರವ್ವ. ಮಾನಸಾ ಒಬ್ಳೇನಾ? ಬಾರವ್ವ ಮುಂದಕ್ಕೆ. ಇವ್ಳ ಗಂಡ ಪರಮೇಶ ಬಂಗಾರದಂತೋನು ಕಣ್ರೇ. ಈ ಡಬ್ಬಿ ಇಡ್ಕೊಂಡು ನಿಂತ್ಕೊ, ಒಂದು ಪೋಟ ತೆಗೀಲಿ."

ಮಾನಸಾ ಅವಳ ಹತ್ತಿರಕ್ಕೆ ಬಾಗಿದಳು. "ಅಕ್ಕ, ನಿಮ್ ಫೋನ್ ಒಸಿ ಕೊಡಿ. ನಮ್ಮನೆಯೋರ್ನ ಒಂದ್ ಮಾತು ಕೇಳ್ಬುಟ್ಟು ಇಸ್ಕೋತೀನಿ. ಕೇಳ್ದೆ ಡಬ್ಬಿ ತಗೊಂಡೋದ್ರೆ ಮನೇಲಿ ಸುಮ್ಕಿರಕಿಲ್ಲ."

ಗುಟ್ಟಾಗಿಯೇ ಹೇಳಿದ್ದಳು. ಆದರೆ ಮೈಕು ಇಬ್ಬರ ನಡುವೆಯೇ ಇತ್ತು. ಅವಳ ಮಾತು ಗೋಡೆಯ ಸ್ಪೀಕರಿನಿಂದ ಅವಳಿಗೇ ದೊಡ್ಡದಾಗಿ ಕೇಳಿಸಿತು. ಸಭೆಯೆಲ್ಲ ಕಿಸಕ್ಕನೆ ನಕ್ಕಿತು. ಮಾನಸಾಳಿಗೂ ನಗು ಬಂತು: ಎಂಥ ದಡ್ಡಿ ಇವಳು, ಒಂದು ಡಬ್ಬಿಗೂ ಗಂಡನ ಅಪ್ಪಣೆಯೇ? ಇವಳು ಅಂದರೆ ತಾನೇ ಎಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಏಳು ಟಿಕ್ಕಿನವಳು ಮಾತ್ರ ನಗದೆ, ಅಯ್ಯೋ ಪಾಪ ಎಂಬಂತೆ ಅವಳನ್ನೇ ನೋಡುತ್ತಿದ್ದಳು. ಆ ನೋಟ ಮಾನಸಾಳಿಗೆ ಚೆನ್ನಾಗಿ ಗೊತ್ತಿತ್ತು. ಆಗಷ್ಟೇ ತಾನು ಅವಳತ್ತ ಬೀರಿದ್ದೂ ಅದನ್ನೇ.

ಪಾರ್ವತಮ್ಮ ಫೋನು ಚಾಚಿದಳು. ಮಾನಸಾ ಅದನ್ನು ಮುಟ್ಟಲಿಲ್ಲ.

"ಮೇಡಂ, ಇನ್ನೊಂದು ಆಳೆ ಕೊಡಿ," ಎಂದು ಶೋಭಿತಾಳ ಮುಂದೆ ಕೈಯೊಡ್ಡಿದಳು. "ತಪ್ಪು ಬರ್ದ್ಬುಟ್ಟಿದೀನಿ."

"ಯಾವ ಪ್ರಶ್ನೆ ತಪ್ಪಾಯ್ತು?"

"ಒಂದ್ರಿಂದ ಇಡ್ದು ಹತ್ತರ ಗಂಟ."

ಅಲ್ಲೇ ವೇದಿಕೆಯ ಮೆಟ್ಟಿಲ ಮೇಲೆ ಕೂತಳು. ಪೆನ್ನು ಹಾಳೆಯ ಕೊನೆಯವರೆಗೂ ನಿಲ್ಲದೆ ಇಳಿಯಿತು. ಆಮೇಲೆ ಹಾಳೆಯನ್ನು ಹಿಂದು ಮುಂದು ತಿರುಗಿಸಿ ನೋಡಿ ತಲೆಯೆತ್ತಿದಳು.

"ತಟ್ಟೆ ಎಸ್ದಿದ್ದು ಎಲ್ಲಿ ಬರೀಲಿ ಮೇಡಂ? ಅದ್ಕೆ ಜಾಗಾನೇ ಬುಟ್ಟಿಲ್ವಲ್ಲ ನೀವು."