ಕಾಶೆವ್ವನ ಕಣ್ಣೀರು

ಸೋಮವಾರ ಬೆಳಿಗ್ಗೆ ಪಾಸ್ಟರ್ ಉಮೇಶರು ಬಾಯಲ್ಲಿ ಬ್ರಶ್ ಇಟ್ಟುಕೊಂಡಿರುವಾಗಲೇ ಮುದುಕಿ ಕಾಶೆವ್ವ ಕ್ಷಮೆ ಕೇಳಲು ಬಂದು ಅವರ ಮನೆಯ ಕಟ್ಟೆಯ ಮೇಲೆ ಕೂತಳು. ಮಸಗುಪ್ಪಿಯಿಂದ ಮೂಡಲಗಿಗೆ ಬರುವ ಮೊದಲ ಟಂಟಂ ಗಾಡಿ ಹಿಡಿದಿದ್ದಳು. ಇದಕ್ಕೆ ಪಾಸ್ಟರೇ ಕಾರಣ. ಹಿಂದಿನ ದಿನ ಚರ್ಚಿನಲ್ಲಿ ಶುದ್ಧ ಮನಸ್ಸಾಕ್ಷಿಯ ಬಗ್ಗೆ ಒಂದೂಕಾಲು ತಾಸು ಉಪದೇಶ ಮಾಡಿ, "ಬರೂ ರವಿವಾರ ಪ್ರಭುವಿನ ಭೋಜನ ಐತಿ, ಅದರ ರೊಟ್ಟಿ ಶುದ್ಧ ಮನಸ್ಸಲೆ ತಗೋಬೇಕು. ಯಾರಿಗರೆ ಏನರೆ ತಪ್ಪು ಮಾಡಿದ್ರ ಅವರ ಮನಿಗೆ ಹೋಗಿ ಹೇಳ್ರಿ, ಮನಸ್ಸು ಹಗುರು ಮಾಡ್ಕೊಂಡು ಬರ್ರಿ" ಎಂದು ಕೈಯೆತ್ತಿ ಹೇಳಿದವರು ಅವರೇ.

"ಬರ್ರಿ ಆಯಿ. ಯಾರ ಜೋಡಿ ಜಗಳಾತು?" ಪಾಸ್ಟರು ಬಾಯಿ ಮುಕ್ಕಳಿಸಿ ಕೇಳಿದರು.

"ಜಗಳಾ ಅಲ್ರಿ. ನಿಮಗ ಮೋಸ ಮಾಡೇನಿ."

ಪಾಸ್ಟರಿಗೆ ನಗು ಬಂತು. ಇಡೀ ಸಭೆಯಲ್ಲಿ ತಮಗೆ ಮೋಸ ಮಾಡದ ಒಂದು ಜೀವವಿದ್ದರೆ ಅದು ಕಾಶೆವ್ವ ಎಂದು ಅವರು ನಂಬಿದ್ದರು. ಆರು ವರ್ಷದಿಂದ ಪ್ರತಿ ರವಿವಾರ ಹೆಂಗಸರ ಮುಂದಿನ ಸಾಲಿನಲ್ಲಿ, ಗೋಡೆಯ ಬದಿಗೆ ಆಕೆ ಕೂಡುತ್ತಿದ್ದಳು. ಉಪದೇಶ ಅರ್ಧಕ್ಕೆ ಬರುವಷ್ಟರಲ್ಲಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ದಳದಳ ಕಣ್ಣೀರು ಸುರಿಸುತ್ತಿದ್ದಳು. ಅದನ್ನು ಕಂಡು ಹುರುಪೇರಿ ಪಾಸ್ಟರ ಮುಕ್ಕಾಲು ತಾಸಿನ ಉಪದೇಶ ಒಂದೂಕಾಲು ತಾಸಿಗೆ ಬೆಳೆದಿತ್ತು. ಉಪದೇಶ ಬೆಳೆದಷ್ಟೂ ಕಣ್ಣೀರೂ ಬೆಳೆದಿತ್ತು. ಹುಕ್ಕೇರಿಯ ಬೋಧಕರ ಕೂಟದಲ್ಲಿ ಅವರು ಇದನ್ನೇ ಸಾಕ್ಷಿಯಾಗಿ ಹೇಳಿದ್ದರು. ಅಲ್ಲಿಯ ಹಿರಿಯರು ತಲೆದೂಗಿ, ಮುಂದಿನ ತಿಂಗಳ ಮೂರು ದಿನದ ಕೂಟಕ್ಕೆ ಇವರನ್ನೇ ಮುಖ್ಯ ಬೋಧಕರೆಂದು ಗೊತ್ತುಮಾಡಿದ್ದರು. ಇಪ್ಪತ್ತು ವರ್ಷ ತಗಡಿನ ಚಾವಣಿಯ ಕೆಳಗೆ ಐವತ್ತು ಜನಕ್ಕೆ ಬೋಧಿಸಿದವರಿಗೆ ಎರಡು ಸಾವಿರ ಜನದ ಪೆಂಡಾಲು ಸಿಗುವುದೆಂದರೆ ಸಣ್ಣ ಮಾತಲ್ಲ. ಪಾಸ್ಟರು ಆಗಲೇ ಹೊಸ ಅಂಗಿ ಹೊಲಿಯಲು ಹಾಕಿದ್ದರು.

"ನಾ ಅಳೂದಿಲ್ರಿ," ಎಂದಳು ಕಾಶೆವ್ವ.

"ಅಂದ್ರ?"

"ಆಕಳಿಕಿ ಬರ್ತಾವ್ರಿ. ನಸುಕಿನ್ಯಾಗ ಎದ್ದು ನಾಕ ಎಮ್ಮಿ ಹಿಂಡಿ ಬಂದಿರ್ತೇನಿ. ನೀವು ಮಾತಾಡಾಕ ಸುರು ಮಾಡಿದ್ರಂದ್ರ ಒಂದರ ಬೆನ್ನಿಗೆ ಒಂದ ಬರ್ತಾವು. ದೇವರ ಮನ್ಯಾಗ ಹಂಗ ಬಾಯಿ ತೆರೀಬಾರದಂತ ಸೆರಗು ತುರುಕಿ ತಡೀತೇನಿ. ತಡದದ್ದು ಕಣ್ಣಾಗ ಹರೀತೈತಿ. ನೀವು ಅದನ್ನ ಭಕ್ತಿ ಅಂತ ತಿಳಕೊಂಡ್ರಿ, ನಾ ಅಲ್ಲ ಅನಲಿಲ್ಲ."

ಊರಗಲ ಇದ್ದ ಪಾಸ್ಟರ ಮುಖ ಇಷ್ಟೇ ಇಷ್ಟಾಯಿತು. ಕ್ಷಮಿಸುವುದಿಲ್ಲ ಎನ್ನುವಂತಿರಲಿಲ್ಲ. "ಇರ್ಲಿ ಬಿಡ್ರಿ ಆಯಿ, ಕ್ಷಮಾ ಮಾಡೇನಿ," ಎಂದರು, ಹಲ್ಲು ಕಚ್ಚಿಕೊಂಡೇ. ಕಾಶೆವ್ವ ಪಾಸ್ಟರ ಹೆಂಡತಿ ಸುವರ್ಣಾ ಕೊಟ್ಟ ಚಹಾ ಕುಡಿದು, ಹೊರೆ ಇಳಿಸಿದವಳಂತೆ ಕೈ ಬೀಸಿಕೊಂಡು ಹೋದಳು. ಹೊರೆ ಪಾಸ್ಟರ ತಲೆಗೆ ಬಂತು.

"ಹುಕ್ಕೇರಿಯವರಿಗೆ ಹೇಳ್ತೀರೇನ್ರಿ?" ಸುವರ್ಣಾ ಚಹಾದ ಕಪ್ಪು-ಬಸಿ ಎತ್ತುತ್ತ ಕೇಳಿದಳು.

"ಏನ್ ಹೇಳೂದು? ನಾ ಸುಳ್ಳು ಹೇಳಿಲ್ಲ. ಕಣ್ಣಾಗ ನೀರ ಬರ್ತಾವು ಅಂದೆ. ಬರ್ತಾವು."

"ಹಂಗಾದ್ರ ರವಿವಾರ ಪ್ರಭುವಿನ ಭೋಜನದ ರೊಟ್ಟಿ ಹಗುರು ಮನಸ್ಸಲೆ ಮುರೀರಿ ಬಿಡ್ರಿ."

ಆಕೆ ಇಷ್ಟೇ ಹೇಳಿ ಒಳಗೆ ಹೋದಳು. ಪಾಸ್ಟರು ಮಂಗಳವಾರ ಪ್ರಾರ್ಥನೆ ಮಾಡಿದರು, ಬುಧವಾರ ಉಪವಾಸ ಮಾಡಿದರು, ಗುರುವಾರ ದೇವರ ಜೊತೆ ಚೌಕಾಶಿಗೆ ಇಳಿದರು: ಮೊದಲು ಹುಕ್ಕೇರಿಯ ಕೂಟ ಮುಗಿಯಲಿ, ಆಮೇಲೆ ಎಲ್ಲ ಹೇಳಿಬಿಡುತ್ತೇನೆ. ದೇವರ ಬದಲು ದರ್ಜಿ ಫೋನ್ ಮಾಡಿ ಅಂಗಿ ತಯಾರಾಗಿದೆ ಎಂದ. ಶುಕ್ರವಾರ ಇನ್ನು ತಡೆಯಲಾರದೆ ಹುಕ್ಕೇರಿ ಸಭೆಯ ಹಿರಿಯ ಸಿದ್ರಾಯರಿಗೆ ಫೋನ್ ಹಚ್ಚಿ, ಆಕಳಿಕೆಯ ವಿಷಯವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು.

ಆ ಕಡೆ ಕಾಗದ ಸರಿಸುವ ಸಪ್ಪಳ ಕೇಳಿಸಿತು.

"ಪಾಂಪ್ಲೆಟ್ ಅಚ್ಚಾಗ್ಯಾವ್ರಿ," ಎಂದರು ಸಿದ್ರಾಯರು. "ನಿಮ್ಮ ಫೋಟೋದ ಕೆಳಗ 'ಕಲ್ಲೆದೆಯನ್ನೂ ಕರಗಿಸುವ ಬೋಧಕರು' ಅಂತ ಹಾಕೇವಿ. ಇರ್ಲಿ, ಹಿರ್ಯಾರೆಲ್ಲಾ ಕೂಡಿ ವಿಚಾರ ಮಾಡ್ತೇವಿ."

ವಿಚಾರ ಸಂಜೆಯೊಳಗೆ ಮುಗಿಯಿತು. ಮುಖ್ಯ ಬೋಧನೆಗೆ ಬೇರೆಯವರನ್ನು ಕರೆದಿದ್ದರು. "ಆದ್ರ ನೀವು ಬರಾಕ ಬೇಕ್ರಿ," ಎಂದು ಸಿದ್ರಾಯರು ಮತ್ತೆ ಫೋನ್ ಮಾಡಿ ಹೇಳಿದರು. "ಮೂರೂ ದಿನ ಊಟದ ಮುಂದಿನ ಪ್ರಾರ್ಥನಾ ನಿಮ್ಮದ. ಒಂದೀಟು ಸಣ್ಣದ ಮಾಡ್ರಿ, ಅನ್ನ ಆರ್ತೈತಿ."

ಪಾಸ್ಟರಿಗೆ ಬಹಳ ಕೆಟ್ಟದ್ದೆನಿಸಿತು. ಅಳುವೂ ಬಂತು, ಆಕಳಿಕೆಯ ಹಂಗಿಲ್ಲದ ನಿಜವಾದ ಅಳು. ಅತ್ತು ಮುಗಿದ ಮೇಲೆ ಆ ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡರು, ಹೆಂಡತಿಯ ಹತ್ತಿರ ಇನ್ನಷ್ಟು ಝುಣಕ ಕೇಳಿ ಹಾಕಿಸಿಕೊಂಡರು.

ರವಿವಾರ ಉಪದೇಶಕ್ಕೆ ಎದ್ದು ನಿಂತಾಗ ಅವರ ಕಣ್ಣು ತಾನಾಗಿ ಮುಂದಿನ ಸಾಲಿಗೆ ಹೋಯಿತು. ಕಾಶೆವ್ವ ತನ್ನ ಜಾಗದಲ್ಲೇ ಇದ್ದಳು. ಸೆರಗು ಹೆಗಲ ಮೇಲಿತ್ತು. ಇನ್ನು ಮುಚ್ಚಿಡಬೇಕಾದದ್ದು ಏನೂ ಉಳಿದಿರಲಿಲ್ಲವಾದ್ದರಿಂದ, ಪಾಸ್ಟರ ಎರಡನೆಯ ಮಾತಿಗೇ ಗೋಡೆಗೆ ತಲೆ ಆನಿಸಿ, ಬಾಯಿ ತೆರೆದು, ನಿಶ್ಚಿಂತೆಯಿಂದ ನಿದ್ದೆ ಹೋದಳು. ಅಷ್ಟು ಸಮಾಧಾನದ ಮುಖವನ್ನು ಪಾಸ್ಟರು ಆ ಚರ್ಚಿನಲ್ಲಿ ಅಲ್ಲಿಯವರೆಗೆ ನೋಡಿರಲಿಲ್ಲ. ಬಾಜೂದಾಕೆ ನಾಚಿ, ತಿವಿದು ಎಬ್ಬಿಸಲು ಮೊಣಕೈ ಎತ್ತಿದಳು. ಪಾಸ್ಟರು ಬೇಡವೆಂದು ತಲೆಯಾಡಿಸಿ, ಮೈಕು ಬಂದ್ ಮಾಡಿ, ಮುದುಕಿಗೆ ಎಚ್ಚರವಾಗದಷ್ಟು ಮೆಲ್ಲಗೆ ಉಪದೇಶ ಮುಂದುವರಿಸಿದರು.