ಹಿತ್ತಿಲ ಕಾಲುವೆಯ ಬಣ್ಣ

ಅವತ್ತು ಮಧ್ಯಾಹ್ನ ಕಾರ್ಖಾನೆಯ ಸೈರನ್ ಎಂದಿನಂತೆ ಕೂಗಿತು, ಆದರೆ ಹಿತ್ತಿಲ ಕಾಲುವೆಗೆ ಬಣ್ಣ ಬರಲಿಲ್ಲ. ಬಂದದ್ದು ಬರೀ ನೀರು. ಬೀದಿಯ ಹೆಂಗಸರೆಲ್ಲ ದಂಡೆಯಲ್ಲಿ ನೆರೆದು ಬಗ್ಗಿ ಬಗ್ಗಿ ನೋಡಿದರು. ಒಬ್ಬಳಂತೂ ಬೊಗಸೆಯಲ್ಲಿ ಎತ್ತಿ ಮೂಸಿಯೂ ಬಿಟ್ಟಳು. "ನಿಮ್ಮ ಮಗಳು ಮಾಡಿ ತೋರಿಸಿಬಿಟ್ಟಳು ಕಣಕ್ಕ," ಎಂದು ಪಕ್ಕದ ಮನೆಯವಳು ತಾಯಿಯ ಹೆಗಲು ಹಿಡಿದು ಅಲುಗಿಸಿದಳು. ತಾಯಿ ಹೌದೌದು ಎಂದು ತಲೆಯಾಡಿಸಿ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಒಳಗೆ ಬಂದಳು.

ಅವಳ ಗಂಡ ಆ ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಮೇಸ್ತ್ರಿಯಾಗಿದ್ದ. ಬೆಳಿಗ್ಗೆ ಅವನು ಯಾವ ಬಣ್ಣ ಕಲಸಿದನೋ ಮಧ್ಯಾಹ್ನ ಕಾಲುವೆಯಲ್ಲಿ ಅದೇ ಬಣ್ಣ. ಅದನ್ನು ಕಂಡೇ ಅವಳು ತಟ್ಟೆ ಹಾಕುತ್ತಿದ್ದಳು. ಸ್ವಲ್ಪ ಹೊತ್ತಿಗೆಲ್ಲ ಅದೇ ಬಣ್ಣದ ಕೈ ಬಾಗಿಲು ತಳ್ಳುತ್ತಿತ್ತು. "ಇವತ್ತು ನಿಮ್ಮ ಯಜಮಾನ್ರು ಬದನೆಕಾಯಿ," ಎಂದು ನೆರೆಯವರು ಚುಡಾಯಿಸುತ್ತಿದ್ದರು. ಜಗಳವಾಡಿ ಮುಖ ಊದಿಸಿಕೊಂಡು ಹೋದ ದಿನ ಮಾತ್ರ ಅವನು ಹೇಗೋ ಹೊಂದಿಸಿ, ಅವಳಿಗಿಷ್ಟವಾದ ಗಿಳಿಹಸಿರನ್ನು ಒಂದಿಷ್ಟು ಹರಿಯಬಿಡುತ್ತಿದ್ದ. ಆಮೇಲೆ ಕೋಪ ಉಳಿಸಿಕೊಳ್ಳಲು ಅವಳಿಂದ ಆಗುತ್ತಿರಲಿಲ್ಲ.

ಅವನು ತೀರಿಕೊಂಡ ಮೇಲೂ ಬಣ್ಣ ಬರುತ್ತಲೇ ಇತ್ತು. ಬೇರೆ ಯಾರೋ ಕಲಸಿದ್ದು ಎಂದು ಗೊತ್ತು. ಗೊತ್ತಿದ್ದೂ ಹಿತ್ತಿಲ ಬಾಗಿಲಿಗೆ ಬಂದು ನಿಲ್ಲುವುದು ತಪ್ಪಿರಲಿಲ್ಲ.

ಇದನ್ನೆಲ್ಲ ಯಾರ ಹತ್ತಿರ ಹೇಳಿಕೊಳ್ಳುವುದು? ಅದೇ ನೀರಿನಿಂದ ಬೀದಿಯ ಬಾವಿ ಕೆಟ್ಟಿತ್ತು, ಮಕ್ಕಳ ಮೈಮೇಲೆ ತುರಿ ಎದ್ದಿತ್ತು. ಬಾವಿಕಟ್ಟೆ ದಾಟುವಾಗ ಮೇಸ್ತ್ರಿಯೇ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದ. ಮಗಳು ಓದಿ, ಅದೇ ಕಾರ್ಖಾನೆ ಸೇರಿ, ಮಾಲೀಕರ ಬೆನ್ನು ಬಿದ್ದು ನೀರು ತಿಳಿಮಾಡುವ ಯಂತ್ರ ತರಿಸಿ, ಊಟ ನಿದ್ದೆ ಮರೆತು ದುಡಿದದ್ದು ಆ ತಗ್ಗಿದ ತಲೆಗಾಗಿಯೇ. ಅಂಥ ಮಗಳ ಮುಂದೆ ತಾಯಿ ಏನೆಂದು ಬಾಯಿ ಬಿಡಬೇಕು? ಯಂತ್ರ ನೋಡಬೇಕು ಅಂದಳು, ಅಷ್ಟೆ. ಮಗಳು ಹಿರಿಹಿರಿ ಹಿಗ್ಗಿ, ಮರುದಿನವೇ ಕರೆದುಕೊಂಡು ಹೋದಳು.

ಮೊದಲ ತೊಟ್ಟಿಯಲ್ಲಿ ಆಗಷ್ಟೇ ಬಂದ ನೀರು, ಕಡುನೇರಳೆ. ಅದರಾಚೆ ಮುಚ್ಚಳ ಹಾಕಿದ ಉಕ್ಕಿನ ತೊಟ್ಟಿ. ಅದರಿಂದ ಹೊರಬಿದ್ದ ತಿಳಿನೀರನ್ನು ಗಾಜಿನ ಜಾಡಿಯಲ್ಲಿ ಹಿಡಿದಿಟ್ಟಿದ್ದರು. ಇಲ್ಲಿ ಕೆಲಸ ಮಾಡುವುದು ಶಬ್ದ ಎಂದು ಮಗಳು ವಿವರಿಸಿದಳು. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡುತ್ತಾರಲ್ಲ, ಅದೇ ಜಾತಿಯ, ಕಿವಿಗೆ ಕೇಳದ ಶಬ್ದ. ಅದು ನೀರಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತದೆ. ಗುಳ್ಳೆ ಒಡೆಯುವ ರಭಸಕ್ಕೆ ಬಣ್ಣ ಚೂರುಚೂರಾಗುತ್ತದೆ. ತಾಯಿ ಕಿವಿಗೊಟ್ಟು ನಿಂತಳು. ಪಂಪಿನ ಗುರುಗುರು ಬಿಟ್ಟರೆ ಬೇರೇನೂ ಕೇಳಲಿಲ್ಲ.

"ಹಾಗಾದ್ರೆ ಬಣ್ಣ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲಮ್ಮ. ಬಣ್ಣ ಅಂತ ಇರೋದೇ ಇಲ್ಲ."

"ಅಷ್ಟೊಂದು ಇದ್ದದ್ದು, ಇರೋದೇ ಇಲ್ವಾ?"

ಮಗಳು ಜಾಡಿ ತಂದು ತೋರಿಸೋಣವೆಂದು ಅತ್ತ ತಿರುಗಿದಳು. ಇತ್ತ ತಿರುಗುವಷ್ಟರಲ್ಲಿ ತಾಯಿ ಮೊದಲ ತೊಟ್ಟಿಗೆ ಬಗ್ಗಿ, ಎಡಗೈಯನ್ನು ಮಣಿಕಟ್ಟಿನವರೆಗೂ ಅದ್ದಿಬಿಟ್ಟಿದ್ದಳು. ಮಗಳು ಓಡಿಬಂದು ತೋಳು ಹಿಡಿದೆಳೆದಳು. ಅದು ವಿಷ, ಚರ್ಮ ಕೆಡುತ್ತೆ, ನಿನಗೇನು ತಲೆ ಕೆಟ್ಟಿದೆಯಾ ಎಂದು ರೇಗಿದಳು. ತಾಯಿ ತೊಟ್ಟಿಕ್ಕುವ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು. ಉಗುರಿನ ಸಂದು, ಅಂಗೈಯ ಗೆರೆ, ಎಲ್ಲ ಕಡೆ ನೇರಳೆ ಇಳಿದಿತ್ತು. ಮಗಳೂ ನೋಡಿದಳು. ಚಿಕ್ಕಂದಿನಲ್ಲಿ ತನ್ನನ್ನು ಶಾಲೆಗೆ ಬಿಡುತ್ತಿದ್ದದ್ದು ಅಪ್ಪನ ಅಂಥದೇ ಕೈ. ಬೈಗುಳ ಅರ್ಧಕ್ಕೇ ನಿಂತಿತು. ನಲ್ಲಿಯಡಿ ಹಿಡಿದು, ಬರೀ ನೀರಿನಲ್ಲಿ ನಿಧಾನವಾಗಿ ತೊಳೆದಳು. ನೀರು ತಿಳಿಯಾಗುವವರೆಗೂ ತೊಳೆದರೂ ಕೈಗೆ ಹತ್ತಿದ್ದು ಹೋಗಲಿಲ್ಲ.

ದಾರಿಯುದ್ದಕ್ಕೂ ತಾಯಿ ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದಳು. ಮನೆಗೆ ಬಂದ ಮೇಲೆ ಮಗಳು ಸೋಪು ತಂದುಕೊಟ್ಟು, ಬಿಸಿನೀರಲ್ಲಿ ಉಜ್ಜಿದರೆ ಇವತ್ತೇ ಹೋಗುತ್ತೆ ಅಂದಳು.

"ಉಜ್ಜದಿದ್ರೆ?"

ಮಗಳು ಸೋಪನ್ನು ತಾನೇ ಎತ್ತಿ ಗೂಡಿನಲ್ಲಿಟ್ಟು, ಊಟಕ್ಕೆ ತಟ್ಟೆ ಹಾಕಲು ಅಡುಗೆಮನೆಗೆ ಹೋದಳು. ತಟ್ಟೆ ಹಾಕಿ ಕರೆದಳು. ತಾಯಿ ಬರಲಿಲ್ಲ. ಇಣುಕಿ ನೋಡಿದರೆ, ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ಎಡಗೈಯನ್ನು ಮಡಿಲಲ್ಲಿಟ್ಟು, ಬಲಗೈ ಬೆರಳುಗಳನ್ನು ಅದರ ಬೆರಳುಗಳಲ್ಲಿ ಹೆಣೆದು, ಬಿಗಿಯಾಗಿ ಹಿಡಿದುಕೊಂಡಿದ್ದಳು.